ಒಬ್ಬರಿಗೆ ಸೇಡಂ ರಸ್ತೆ, ಇನ್ನೊಬ್ಬರಿಗೆ ಕಡಗಂಚಿ: ಕಲಬುರಗಿಯಲ್ಲಿ ಬಾಡಿಗೆ ಮನೆ ಎಲ್ಲಿ ಹಿಡಿಯಬೇಕು?

ಪ್ರಶ್ನೆ (ದಾವಣಗೆರೆಯಿಂದ)

ಮಾನ್ಯರೇ, ಬರುವ ಮಾರ್ಚ್ ತಿಂಗಳಲ್ಲಿ ನಾವು ದಾವಣಗೆರೆಯಿಂದ ಕಲಬುರಗಿಗೆ ಬಂದು ನೆಲೆಸಬೇಕಾಗಿದೆ. ನನಗೆ ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಯ ಕೆಲಸ. ಪಾಳಿ ಬದಲಾಗುತ್ತಿರುತ್ತದೆ, ರಾತ್ರಿ ಪಾಳಿಯೂ ಇರುತ್ತದೆ. ನಮ್ಮ ಯಜಮಾನರಿಗೆ ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಹುದ್ದೆ. ನಕ್ಷೆಯಲ್ಲಿ ನೋಡಿದರೆ ನನ್ನ ಆಸ್ಪತ್ರೆ ಊರಿನ ಪೂರ್ವದ ಕಡೆಗಿದೆ. ಅವರ ಕಚೇರಿ ವಾಯವ್ಯಕ್ಕೆ, ಊರು ಬಿಟ್ಟು ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಅತ್ತೆಯವರೂ ನಮ್ಮೊಡನೆ ಇರುತ್ತಾರೆ. ಅವರಿಗೆ ಮೊಣಕಾಲು ನೋವಿರುವುದರಿಂದ ಮೆಟ್ಟಿಲು ಹತ್ತುವುದು ಕಷ್ಟ.

ಬಾಡಿಗೆ ಹನ್ನೆರಡು ಸಾವಿರದೊಳಗೆ ಇರಲಿ ಎಂದುಕೊಂಡು ಮೂರು ಮನೆಗಳನ್ನು ಗುರುತು ಮಾಡಿಟ್ಟಿದ್ದೇವೆ. ಒಂದು ಸೇಡಂ ರಸ್ತೆಯ ಜಯನಗರದ ಕಡೆ, ಲಿಫ್ಟ್ ಇರುವ ಕಟ್ಟಡದ ಕೊನೆಯ ಮಹಡಿಯಲ್ಲಿದೆ. ಹೊಸದು, ಚೆನ್ನಾಗಿ ಗಾಳಿಯಾಡುತ್ತದೆ ಎನ್ನುತ್ತಾರೆ. ಇನ್ನೊಂದು ಶಹಾಬಜಾರ್ ಕಡೆಯ ಹಳೆಯ ಮನೆಯ ಕೆಳಭಾಗ. ಮೂರನೆಯದು ಹುಮನಾಬಾದ್ ರಿಂಗ್ ರಸ್ತೆಯ ಹತ್ತಿರದ ಹೊಸ ಬಡಾವಣೆಯಲ್ಲಿದೆ. ಇಬ್ಬರಿಗೂ ಅನ್ಯಾಯವಾಗದಂತೆ ನಡುವಿನ ಮೂರನೆಯದನ್ನೇ ಹಿಡಿಯೋಣ ಎಂಬುದು ಯಜಮಾನರ ಅಭಿಪ್ರಾಯ. ಊರು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಸೇಡಂ ರಸ್ತೆಯ ನಿವಾಸಿ)

ಶರಣು. ನಿಮ್ಮ ಯಜಮಾನರ ಕಾಳಜಿ ಮೆಚ್ಚುವಂಥದ್ದೇ. ಆದರೆ ನಡುವೆ ಮನೆ ಹಿಡಿದರೆ ನ್ಯಾಯವಾಗುತ್ತದೆ ಎಂಬ ಲೆಕ್ಕ ಇಲ್ಲಿ ಸರಿಹೋಗುವುದಿಲ್ಲ. ಕಡಗಂಚಿಗೆ ಹೋಗುವವರು ಎಲ್ಲಿದ್ದರೂ ಬಸ್ಸಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೂರಲೇಬೇಕು, ಅದರ ಮೇಲೆ ಹದಿನೈದು ನಿಮಿಷ ಹೆಚ್ಚಾದರೆ ದೊಡ್ಡ ವ್ಯತ್ಯಾಸವಾಗದು. ಅವರು ಹೋಗುವುದು ಹಗಲಿನಲ್ಲಿ, ಬರುವುದು ಸಂಜೆ. ನೀವಾದರೋ ರಾತ್ರಿ ಪಾಳಿಗೆ ಹೊರಡುವ ಹೊತ್ತಿಗೆ ನಗರ ಸಾರಿಗೆ ಬಸ್ಸುಗಳು ವಿರಳವಾಗಿರುತ್ತವೆ, ಟಂಟಂಗಳೂ (ಹಂಚಿಕೊಂಡು ಹೋಗುವ ಆಟೋಗಳೂ) ಕಡಿಮೆಯಾಗಿರುತ್ತವೆ. ರಿಂಗ್ ರಸ್ತೆಯಲ್ಲಿ ಲಾರಿಗಳು ವೇಗವಾಗಿ ಓಡುವ ಹೊತ್ತೂ ಅದೇ. ಆದ್ದರಿಂದ ರಾತ್ರಿ ಕೆಲಸವಿರುವವರ ಹತ್ತಿರ ಮನೆ ಹಿಡಿಯುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಗಲು ಪಾಳಿಯ ದಿನಗಳಲ್ಲಿ ಸೇಡಂ ರಸ್ತೆಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಕಡೆಗೆ ಹೋಗುವ ಬಸ್ಸು ನಿಮಗೆ ಸುಲಭವಾಗಿ ಸಿಗುತ್ತದೆ, ಶಕ್ತಿ ಯೋಜನೆಯಿಂದಾಗಿ ಅದಕ್ಕೆ ಖರ್ಚೂ ಇಲ್ಲ.

ಹಾಗೆಂದು ಜಯನಗರದ ಆ ಕೊನೆಯ ಮಹಡಿಯನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಕಲಬುರಗಿಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ರಾಜ್ಯ ಸರ್ಕಾರವೇ ಆ ಎರಡು ತಿಂಗಳು ನಮ್ಮ ವಿಭಾಗದ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ ಎಂದರೆ ಬಿಸಿಲಿನ ಅಳತೆ ನಿಮಗೆ ತಿಳಿಯಬಹುದು. ಕೊನೆಯ ಮಹಡಿಯ ಆರ್‌ಸಿಸಿ ಸ್ಲ್ಯಾಬು ದಿನವಿಡೀ ಕಾದು, ಆ ಕಾವನ್ನು ರಾತ್ರಿಯಿಡೀ ಒಳಗೆ ಬಿಡುತ್ತಿರುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಬೇಕಾದ ನಿಮಗೆ ಅಂಥ ಕೋಣೆಯಲ್ಲಿ ನಿದ್ದೆ ಬರುವುದು ದೂರದ ಮಾತು. ಫೆಬ್ರವರಿಯಲ್ಲಿ ಮನೆ ನೋಡಲು ಬಂದವರಿಗೆ ಇದು ಅರಿವಿಗೆ ಬರುವುದಿಲ್ಲ; ಗಾಳಿ ಚೆನ್ನಾಗಿದೆ ಎಂದು ಮುಂಗಡ ಕೊಟ್ಟು ಹೋಗುತ್ತಾರೆ. ಮೇಲೆ ಇನ್ನೊಂದು ಮಹಡಿ ಇರುವ ಮನೆಯನ್ನೇ ನೋಡಿ, ಮಲಗುವ ಕೋಣೆಯ ಗೋಡೆ ಪಶ್ಚಿಮಕ್ಕೆ ಇಲ್ಲದಂತೆ ನೋಡಿಕೊಳ್ಳಿ.

ಲಿಫ್ಟ್ ಇದೆ ಎಂದ ಮಾತ್ರಕ್ಕೆ ಅತ್ತೆಯವರ ಸಮಸ್ಯೆ ತೀರಿತು ಎಂದುಕೊಳ್ಳಬೇಡಿ. ಕರೆಂಟು ಹೋದಾಗ ಜನರೇಟರಿನಿಂದ ಲಿಫ್ಟೂ ನೀರಿನ ಪಂಪೂ ನಡೆಯುತ್ತವೆಯೋ, ಇಲ್ಲವೇ ಮೆಟ್ಟಿಲಿನ ದೀಪ ಮಾತ್ರ ಉರಿಯುತ್ತದೆಯೋ ಎಂಬುದನ್ನು ಮಾಲೀಕರ ಬದಲು ವಾಚ್‌ಮನ್‌ನನ್ನು ಕೇಳಿ ತಿಳಿದುಕೊಳ್ಳಿ.

ಇನ್ನು ನೀರು. ಊರಿಗೆ ಭೀಮಾ ನದಿಯಿಂದಲೂ ಬೆಣ್ಣೆತೊರೆಯಿಂದಲೂ ನೀರು ಬರುತ್ತದೆ. ಆದರೆ ಅನೇಕ ಬಡಾವಣೆಗಳಲ್ಲಿ ನಳಕ್ಕೆ ನೀರು ದಿನವೂ ಬರುವುದಿಲ್ಲ, ಕೆಲವು ದಿನಗಳಿಗೊಮ್ಮೆ ಬರುತ್ತದೆ. ಆದ್ದರಿಂದ "ನಳ ಇದೆಯೇ" ಎಂದು ಕೇಳಿದರೆ ಸಾಲದು, ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪಿನ ಅಳತೆ ಎಷ್ಟು, ಅದನ್ನು ಎಷ್ಟು ಮನೆಗಳು ಹಂಚಿಕೊಳ್ಳುತ್ತವೆ ಎಂದು ಕೇಳಬೇಕು. ಬೋರ್ ನೀರು ಇದ್ದರೂ ಇದು ಸುಣ್ಣದ ಕಲ್ಲಿನ ನೆಲವಾದ್ದರಿಂದ ಆ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ತೊಗರಿಗೆ ಹೆಸರಾದ ಈ ಜಿಲ್ಲೆಯಲ್ಲಿ ಅದೇ ನೀರಿನಲ್ಲಿ ತೊಗರಿ ಬೇಳೆ ಬೇಗ ಬೇಯುವುದಿಲ್ಲ ಎಂಬುದು ನಮ್ಮ ಮನೆಯವರ ಹಳೆಯ ದೂರು. ಇಲ್ಲಿಯ ಒಣ ಬಿಸಿಲಿಗೆ ಏಸಿಗಿಂತ ಕೂಲರ್ ಅಗ್ಗವಾದ ಉಪಾಯ. ಆದರೆ ಕೂಲರಿಗೂ ಬಕೆಟ್‌ಗಟ್ಟಲೆ ನೀರು ಬೇಕು. ನೀರಿಲ್ಲದ ಮನೆಯಲ್ಲಿ ತಂಪೂ ಇರುವುದಿಲ್ಲ.

ಉತ್ತರ 2 (ಆಳಂದ ಚೆಕ್‌ಪೋಸ್ಟ್ ಕಡೆಯವರು)

ಮೇಲಿನ ಹಿರಿಯರ ಮಾತಿನಲ್ಲಿ ಬಿಸಿಲು ಮತ್ತು ನೀರಿನ ವಿಚಾರವನ್ನು ಪೂರ್ತಿ ಒಪ್ಪುತ್ತೇನೆ, ಪ್ರಯಾಣದ ವಿಚಾರವನ್ನು ಒಪ್ಪುವುದಿಲ್ಲ. ಹದಿನೈದು ನಿಮಿಷ ಎಂದು ಅವರು ಹಗುರವಾಗಿ ಬರೆದಿದ್ದಾರೆ. ಸೇಡಂ ರಸ್ತೆಯಿಂದ ಬೆಳಿಗ್ಗೆ ಊರೊಳಗೆ ಬಂದು, ಕೇಂದ್ರ ಬಸ್ ನಿಲ್ದಾಣದಲ್ಲಿ ಆಳಂದದ ಬಸ್ಸು ಹಿಡಿದು, ಸಂಜೆ ಅದನ್ನೇ ಹಿಂದಿರುಗಿ ಮಾಡುವವರಿಗೆ ದಿನಕ್ಕೆ ಮೂರು ಗಂಟೆಯಾದರೂ ರಸ್ತೆಯಲ್ಲಿಯೇ ಕಳೆಯುತ್ತದೆ. ವಾರದಲ್ಲಿ ಐದು ದಿನ ಹೀಗೆ ತಿರುಗುವವರ ಆರೋಗ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಾತ್ರಿ ಪಾಳಿ ತಿಂಗಳಲ್ಲಿ ಕೆಲವು ದಿನ ಮಾತ್ರ, ಆ ದಿನಗಳಲ್ಲಿ ಯಜಮಾನರೇ ಬೈಕಿನಲ್ಲಿ ಬಿಟ್ಟು ಬರಬಹುದಲ್ಲವೇ?

ಶಹಾಬಜಾರಿನ ಹಳೆಯ ಮನೆಯನ್ನು ಹಳೆಯದೆಂದು ತಳ್ಳಿಹಾಕಬೇಡಿ. ದಪ್ಪ ಗೋಡೆ, ಶಹಾಬಾದ್ ಫರಸಿಯ (ಕಲ್ಲು ಚಪ್ಪಡಿಯ) ನೆಲ, ಕೆಳಭಾಗ ಎಂದರೆ ಬೇಸಿಗೆಯಲ್ಲಿ ಎಷ್ಟೋ ಹೊಸ ಫ್ಲ್ಯಾಟಿಗಿಂತ ತಂಪಾಗಿರುತ್ತದೆ, ಅತ್ತೆಯವರಿಗೆ ಮೆಟ್ಟಿಲಿನ ಚಿಂತೆಯೂ ಇಲ್ಲ, ಓಣಿಯಲ್ಲಿ ನಾಲ್ಕು ಜನ ಮಾತಾಡಿಸುವವರೂ ಇರುತ್ತಾರೆ. ಓಣಿ ಕಿರಿದಾಗಿದ್ದು ಕಾರು ನಿಲ್ಲಿಸಲು ಜಾಗ ಸಿಗದಿರಬಹುದು, ಅದೊಂದನ್ನು ನೋಡಿಕೊಳ್ಳಿ.

ಹುಮನಾಬಾದ್ ರಿಂಗ್ ರಸ್ತೆಯ ಹೊಸ ಬಡಾವಣೆಯನ್ನು ಮಳೆಗಾಲದಲ್ಲಿ ನೋಡದೆ ಒಪ್ಪಬೇಡಿ. ನಮ್ಮದು ಎರೆ ಭೂಮಿ. ಒಳರಸ್ತೆಗೆ ಡಾಂಬರು ಬಿದ್ದಿಲ್ಲದಿದ್ದರೆ ಜುಲೈ ತಿಂಗಳಲ್ಲಿ ಸ್ಕೂಟರಿನ ಚಕ್ರಕ್ಕೆ ಕೆಸರು ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಎರೆ ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವುದರಿಂದ ಅಡಿಪಾಯ ಗಟ್ಟಿಯಿಲ್ಲದ ಹೊಸ ಮನೆಗಳ ಗೋಡೆಯೂ ಬಿರುಕು ಬಿಡುತ್ತದೆ. ಹೊಸದಾಗಿ ಬಣ್ಣ ಬಳಿದಿದ್ದರೆ ಬಾಗಿಲು, ಕಿಟಕಿಗಳ ಮೂಲೆಗಳನ್ನು ಹತ್ತಿರದಿಂದ ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮೂರನೆಯ ಮನೆಯನ್ನು ಕೈಬಿಟ್ಟಿದ್ದೇವೆ. ಯಜಮಾನರಿಗೆ ರಾತ್ರಿ ವಾಹನ ಓಡಿಸಲು ಕಣ್ಣಿನ ತೊಂದರೆ ಇರುವುದರಿಂದ ಬೈಕಿನಲ್ಲಿ ಬಿಟ್ಟು ಬರುವುದು ಸಾಧ್ಯವಿಲ್ಲ. ಹೀಗಾಗಿ ಸೇಡಂ ರಸ್ತೆಯ ಕಡೆಯೇ ಕೆಳ ಮಹಡಿಯ ಮನೆ ಹುಡುಕುವುದು ಎಂದಾಗಿದೆ. ಕರಾರು, ಮುಂಗಡ, ಕರೆಂಟ್ ಬಿಲ್ಲಿನ ವಿಷಯದಲ್ಲಿ ಏನೇನು ಗಮನಿಸಬೇಕು ಎಂಬುದನ್ನೂ ಯಾರಾದರೂ ತಿಳಿಸಬಹುದೇ?

ಉತ್ತರ 3 (ವರ್ಗವಾಗಿ ಬಂದ ಬ್ಯಾಂಕ್ ನೌಕರ)

ಮೇಡಂ, ಕರಾರುಪತ್ರವನ್ನು ಇಲ್ಲಿಯೂ ಹನ್ನೊಂದು ತಿಂಗಳಿಗೇ ಮಾಡುತ್ತಾರೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕಾಗುತ್ತದೆ ಎಂಬುದೇ ಅದಕ್ಕೆ ಕಾರಣ. ನೀವು ಹೊಸಬರಾದ್ದರಿಂದ ಅವಧಿಗಿಂತ ಹೆಚ್ಚಾಗಿ ಬಿಡುವ ಷರತ್ತನ್ನು ಗಮನಿಸಿ: ಒಂದು ತಿಂಗಳ ಮುನ್ಸೂಚನೆ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು, ಮುಂಗಡವನ್ನು ಕೀಲಿ ಕೊಟ್ಟ ದಿನವೇ ಹಿಂದಿರುಗಿಸಬೇಕು, ಬಣ್ಣಕ್ಕೆಂದು ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬ ಮೂರನ್ನೂ ಬರೆಸಿಕೊಳ್ಳಿ. ಟ್ಯಾಂಕರ್ ನೀರು ತರಿಸಬೇಕಾದಾಗ ಅದರ ಹಣ ಯಾರದು ಎಂಬುದನ್ನೂ ಬಾಯಿಮಾತಿಗೆ ಬಿಡಬೇಡಿ.

ಕರೆಂಟಿನ ವಿಷಯದಲ್ಲಿ ಮೊದಲು ಮನೆಗೆ ಇಲ್ಲಿಯ ವಿದ್ಯುತ್ ಕಂಪನಿ ಜೆಸ್ಕಾಂನ ಪ್ರತ್ಯೇಕ ಮೀಟರ್ ಇದೆಯೇ, ಬಿಲ್ಲಿನ ಮೇಲಿರುವ ಅದರ ಆರ್.ಆರ್. ಸಂಖ್ಯೆ (ಸಂಪರ್ಕದ ಗುರುತು ಸಂಖ್ಯೆ) ಯಾವುದು ಎಂದು ಕೇಳಿ. ಮಾಲೀಕರು ತಮ್ಮದೇ ಮೀಟರಿನಿಂದ ಸಬ್‌ಮೀಟರ್ ಹಾಕಿಕೊಟ್ಟಿದ್ದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲಾಭ ನಿಮಗೆ ಸಿಗುವುದಿಲ್ಲ. ಪ್ರತ್ಯೇಕ ಮೀಟರ್ ಇದ್ದರೂ ಹಿಂದಿನ ಬಾಡಿಗೆದಾರರ ಆಧಾರ್ ಅದಕ್ಕೆ ಜೋಡಣೆಯಾಗಿ ಉಳಿದಿರಬಹುದು. ಅದನ್ನು ತೆಗೆಸಿದ ಮೇಲೆಯೇ ನಿಮ್ಮದನ್ನು ಜೋಡಿಸಲು ಬರುತ್ತದೆ. ದಾವಣಗೆರೆಯ ಮನೆಯ ಮೀಟರಿಗೆ ನಿಮ್ಮ ಆಧಾರ್ ಜೋಡಣೆಯಾಗಿದ್ದರೆ ಹೊರಡುವ ಮುನ್ನ ಅದನ್ನೂ ತೆಗೆಸಿ ಬನ್ನಿ. ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಅನೇಕರು ತಿಳಿದಿದ್ದಾರೆ, ಅದು ಹಾಗಲ್ಲ. ಉಚಿತ ಪ್ರಮಾಣ ಹಿಂದಿನ ಸರಾಸರಿ ಬಳಕೆಯನ್ನು ಅವಲಂಬಿಸಿದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಕಟ್ಟಬೇಕು. ಏಸಿ ಹಾಕಿಸಿದರೆ ಮೇ ತಿಂಗಳಲ್ಲಿ ದಾಟುವುದು ಬಹುತೇಕ ಖಚಿತ.

ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಪಡೆಯುವವರಾದರೆ, ವರ್ಷದ ಬಾಡಿಗೆ ಒಂದು ಲಕ್ಷ ಮೀರಿದಾಗ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕಾಗುತ್ತದೆ. ನೀವು ಹೇಳಿದ ಬಾಡಿಗೆಗೆ ಅದು ಅನ್ವಯಿಸುತ್ತದೆ. ಮುಂಗಡ ಕೊಡುವ ಮೊದಲೇ ಕೇಳಿಬಿಡಿ, ಆಮೇಲೆ ಕೇಳಿದರೆ ಕೊಡಲು ಹಿಂದೇಟು ಹಾಕುವವರೇ ಹೆಚ್ಚು. ಕೆಲವರು ಊಟದ ಪದ್ಧತಿಯನ್ನೂ ಜಾತಿಯನ್ನೂ ಕೇಳುತ್ತಾರೆ. ಅಂಥ ಪ್ರಶ್ನೆಯಿಂದ ಮಾತು ಶುರುಮಾಡುವವರ ಮನೆ ಎಷ್ಟೇ ಚೆನ್ನಾಗಿದ್ದರೂ ಬೇಡವೆಂದು ನನ್ನ ಸಲಹೆ.

ಉತ್ತರ 1 (ಸೇಡಂ ರಸ್ತೆಯ ನಿವಾಸಿ)

ಯಜಮಾನರು ಕೆಲಸಕ್ಕೆ ಸೇರುವ ಮೊದಲು ವಿಶ್ವವಿದ್ಯಾಲಯದ ಕಚೇರಿಗೆ ಫೋನು ಮಾಡಿ, ಸಿಬ್ಬಂದಿಗೆ ಬಸ್ಸಿನ ವ್ಯವಸ್ಥೆ ಇದೆಯೇ, ಇದ್ದರೆ ಅದು ಊರಿನಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ವಿಚಾರಿಸಲಿ. ನಿಮ್ಮ ಕಡೆಯ ಮನೆಯನ್ನು ಆ ನಿಲುಗಡೆಗೆ ಹತ್ತಿರವಾಗುವಂತೆ ಆರಿಸಿದರೆ ಎರಡನೆಯ ಉತ್ತರದವರು ಹೇಳಿದ ತೊಂದರೆ ಅರ್ಧದಷ್ಟು ತೀರುತ್ತದೆ. ಸಾಮಾನು ಸಾಗಿಸುವ ದಿನವನ್ನು ಮಾತ್ರ ಹೋಳಿ ಹುಣ್ಣಿಮೆಯ ನಂತರದ ಐದನೆಯ ದಿನ ಇಟ್ಟುಕೊಳ್ಳಬೇಡಿ. ಅಂದು ಶರಣಬಸವೇಶ್ವರರ ರಥೋತ್ಸವ. ಗುಡಿಯ ಸುತ್ತಲಿನ ರಸ್ತೆಗಳಲ್ಲಿ ಲಾರಿ ಮುಂದೆ ಸಾಗುವುದಿಲ್ಲ. ಮನೆ ನೋಡಲು ಬರುವಾಗ ಬೆಳಿಗ್ಗೆ ಬರದೆ ಮಧ್ಯಾಹ್ನ ಮೂರು ಗಂಟೆಗೆ ಬನ್ನಿ, ಮಲಗುವ ಕೋಣೆಯ ಗೋಡೆಗೆ ಅಂಗೈ ಇಟ್ಟು ನೋಡಿ, ಆಮೇಲೆ ಅಡುಗೆಮನೆಯ ನಳವನ್ನು ತಿರುವಿ ನೋಡಿ.