ಇಸಿ2 ಟರ್ಮಿನೇಟ್ ಮಾಡಿದ ಮೇಲೂ ಎಡಬ್ಲ್ಯೂಎಸ್ ಬಿಲ್ ಏರುತ್ತಲೇ ಇದೆ

ಪ್ರಶ್ನೆ:
ಎಡಬ್ಲ್ಯೂಎಸ್‌ನಲ್ಲಿ (ಅಮೆಜಾನ್‌ನ ಕ್ಲೌಡ್ ಸೇವೆ) ವಿಪಿಸಿ, ಅಂದರೆ ಖಾಸಗಿ ನೆಟ್‌ವರ್ಕ್ ಕಟ್ಟುವ ಲ್ಯಾಬ್ ಮುಗಿದ ಮೇಲೆ ಎರಡೂ ಇಸಿ2 ಇನ್‌ಸ್ಟೆನ್ಸ್ (ಬಾಡಿಗೆ ಸರ್ವರ್) ಟರ್ಮಿನೇಟ್ ಆಗಿವೆ. ಮುಂಬೈ ರೀಜನ್‌ನಲ್ಲಿ (ಸರ್ವರ್‌ಗಳಿರುವ ಪ್ರದೇಶ) ಏನೂ ಓಡುತ್ತಿಲ್ಲ. ಆದರೂ ಖರ್ಚು ತೋರಿಸುವ ಕಾಸ್ಟ್ ಎಕ್ಸ್‌ಪ್ಲೋರರ್‌ ಪುಟದಲ್ಲಿ ದಿನಾ ‘ಇಸಿ2-ಅದರ್’ 1.08 ಡಾಲರ್, ‘ವಿಪಿಸಿ’ 0.12 ಡಾಲರ್ ತೋರಿಸ್ತಿದೆ. ಕಾರ್ಡ್ ತೆಗೆದುಹಾಕಿದರೆ ನಿಲ್ಲುತ್ತಾ?

ಉತ್ತರ 1:
ಕಾರ್ಡ್ ತೆಗೆಯಬೇಡಿ. ಮೀಟರ್ ಓಡುತ್ತಲೇ ಇರುತ್ತದೆ, ಬಾಕಿ ಬೆಳೆಯುತ್ತದೆ, ಅಷ್ಟೆ.

ದಿನದ ಮೊತ್ತವನ್ನು 24ರಿಂದ ಭಾಗಿಸಿ ನೋಡಿ. 1.08 ಅಂದರೆ ಗಂಟೆಗೆ 0.045 ಡಾಲರ್. ಇದು ಅಮೆರಿಕದ ನಾರ್ತ್ ವರ್ಜೀನಿಯಾ ರೀಜನ್‌ನಲ್ಲಿ ಒಂದು ನ್ಯಾಟ್ ಗೇಟ್‌ವೇಯ (ಖಾಸಗಿ ನೆಟ್‌ವರ್ಕ್‌ನ ಸರ್ವರ್‌ಗಳಿಗೆ ಇಂಟರ್ನೆಟ್‌ಗೆ ಹೋಗುವ ದಾರಿ) ಗಂಟೆ ದರ, ಮುಂಬೈ ದರ ಬೇರೆ. 0.12 ಅಂದರೆ ಗಂಟೆಗೆ 0.005, ಒಂದು ಪಬ್ಲಿಕ್ ಐಪಿವಿ4 ವಿಳಾಸದ (ಇಂಟರ್ನೆಟ್‌ನಲ್ಲಿ ಕಾಣುವ ವಿಳಾಸ) ದರ; 2024ರ ಫೆಬ್ರವರಿ 1ರಿಂದ ಬಳಸಿದರೂ ಬಳಸದೆ ಇಟ್ಟುಕೊಂಡರೂ ಇದು ಬೀಳುತ್ತದೆ. ಹಾಗಾಗಿ ಮುಂಬೈಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಖಚಿತಪಡಿಸಿಕೊಳ್ಳಲು ಕಾಸ್ಟ್ ಎಕ್ಸ್‌ಪ್ಲೋರರ್‌ನಲ್ಲಿ ‘ಗ್ರೂಪ್ ಬೈ’ ಜಾಗದಲ್ಲಿ ಮೊದಲು ‘ಯೂಸೇಜ್ ಟೈಪ್’, ಆಮೇಲೆ ‘ರೀಜನ್’ ಹಾಕಿ ನೋಡಿ.

ಕನ್ಸೋಲ್‌ನ ಬಲಮೇಲ್ತುದಿಯಲ್ಲಿ ರೀಜನ್ ಬದಲಿಸಿ, ವಿಪಿಸಿ ಪುಟದಲ್ಲಿ ನ್ಯಾಟ್ ಗೇಟ್‌ವೇ ಡಿಲೀಟ್ ಮಾಡಿ. ಸ್ಟೇಟಸ್ ‘ಡಿಲೀಟೆಡ್’ ಆಗಲು ಕೆಲವು ನಿಮಿಷ ಬೇಕು. ಪ್ರೈವೇಟ್ ಸಬ್‌ನೆಟ್‌ನ (ನೆಟ್‌ವರ್ಕ್‌ನ ಒಳಭಾಗ) ರೂಟ್ ಟೇಬಲ್‌ನಲ್ಲಿ, ಅಂದರೆ ದಾರಿಗಳ ಪಟ್ಟಿಯಲ್ಲಿ, 0.0.0.0/0 ಸಾಲು ‘ಬ್ಲ್ಯಾಕ್‌ಹೋಲ್’ (ಎಲ್ಲಿಗೂ ಹೋಗದ ದಾರಿ) ಆಗಿ ಉಳಿಯುತ್ತದೆ, ಅದನ್ನೂ ತೆಗೆಯಿರಿ.

ಪ್ರಶ್ನೆ ಕೇಳಿದವರು:
ವರ್ಜೀನಿಯಾದಲ್ಲೇ ಸಿಕ್ಕಿತು ಸರ್, ಡಿಲೀಟ್ ಆಯಿತು. 1.08 ನಿಂತಿದೆ. 0.12 ಮಾತ್ರ ಹೋಗುತ್ತಿಲ್ಲ. ಈಗಾಗಲೇ ಬಿದ್ದ ಹಣ ವಾಪಸ್ ಕೇಳಬಹುದಾ?

ಉತ್ತರ 2:
ನ್ಯಾಟ್ ಹೋದರೂ ಅದಕ್ಕೆ ಕೊಟ್ಟಿದ್ದ ಎಲಾಸ್ಟಿಕ್ ಐಪಿ (ನೀವು ಕಾದಿರಿಸಿದ ಪಬ್ಲಿಕ್ ವಿಳಾಸ) ನಿಮ್ಮ ಖಾತೆಯಲ್ಲೇ ಉಳಿದಿರುತ್ತದೆ. ‘ಎಲಾಸ್ಟಿಕ್ ಐಪಿಸ್’ ಪುಟದಲ್ಲಿ ಆ ವಿಳಾಸವನ್ನು ಆರಿಸಿ ‘ರಿಲೀಸ್’ ಕೊಡಿ. ಬಿಲ್ಲಿಂಗ್ ಅಂಕಿಗಳು ತಡವಾಗಿ ಬರುವುದರಿಂದ ಒಂದು ದಿನ ಬಿಟ್ಟು ನೋಡಿ.

ಅಲ್ಲೇ ಇರುವಾಗ ಇಬಿಎಸ್ ವಾಲ್ಯೂಮ್‌ಗಳನ್ನೂ (ಸರ್ವರ್‌ನ ಡಿಸ್ಕ್‌ಗಳು) ನೋಡಿಬಿಡಿ. ಇನ್‌ಸ್ಟೆನ್ಸ್ ಜೊತೆ ರೂಟ್ ವಾಲ್ಯೂಮ್ (ಮುಖ್ಯ ಡಿಸ್ಕ್) ಸಾಮಾನ್ಯವಾಗಿ ಅಳಿಯುತ್ತದೆ, ಆಮೇಲೆ ಜೋಡಿಸಿದ ಡಿಸ್ಕ್ ಅಳಿಯುವುದಿಲ್ಲ. ‘ಅವೈಲಬಲ್’ ಅಂತ ಕೂತು ಜಿಬಿ ಲೆಕ್ಕದಲ್ಲಿ ದುಡ್ಡು ತಿನ್ನುತ್ತಿರುತ್ತದೆ. ಆರ್‌ಡಿಎಸ್ (ಡೇಟಾಬೇಸ್ ಸೇವೆ) ಇದ್ದರೆ ಬರೀ ‘ಸ್ಟಾಪ್’ ಮಾಡಿ ನಿಶ್ಚಿಂತೆಯಾಗಿರಬೇಡಿ, 7 ದಿನಕ್ಕೆ ತಾನೇ ಮತ್ತೆ ಶುರುವಾಗುತ್ತದೆ. ಬೇಡವಾದರೆ ಡಿಲೀಟ್ ಮಾಡಿ.

ಹಣದ ವಿಷಯ: ಖಂಡಿತ ಕೇಳಿ, ಸಂಕೋಚ ಬೇಡ. ಸಪೋರ್ಟ್ ಸೆಂಟರ್‌ನಲ್ಲಿ ‘ಅಕೌಂಟ್ ಅಂಡ್ ಬಿಲ್ಲಿಂಗ್’ ಕೇಸ್ ತೆರೆಯಲು ಬೇಸಿಕ್ ಪ್ಲಾನ್ ಸಾಕು, ಶುಲ್ಕವಿಲ್ಲ. ಎಲ್ಲವನ್ನೂ ಅಳಿಸಿದ ಮೇಲೆಯೇ ಬರೆಯಿರಿ. ಕಲಿಕೆಯ ಖಾತೆ, ಯಾವ ರೀಜನ್, ನ್ಯಾಟ್ ಐಡಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಈಗ ತೆಗೆದಾಗಿದೆ, ಇಷ್ಟು ಸ್ಪಷ್ಟವಾಗಿರಲಿ. ಮಾಫಿ ಅವರ ವಿವೇಚನೆಗೆ ಬಿಟ್ಟದ್ದು. ಹಕ್ಕಿನಂತೆ ಕೇಳುವ ಹಾಗಿಲ್ಲ. ಈ ಎರಡೇ ಸಾಲು 30 ದಿನಕ್ಕೆ 36 ಡಾಲರ್ ಆಗುತ್ತಿತ್ತು, ಭಾರತದ ಖಾತೆಗಾದರೆ ಶೇ. 18 ಜಿಎಸ್‌ಟಿ ಬೇರೆ. ವಿದ್ಯಾರ್ಥಿಗೆ ಇದು ಸಣ್ಣ ಮೊತ್ತವಲ್ಲ.

ಉತ್ತರ 1:
ಇವತ್ತೇ ‘ಬಜೆಟ್ಸ್’ನಲ್ಲಿ ‘ಝೀರೋ ಸ್ಪೆಂಡ್’ ಟೆಂಪ್ಲೇಟ್ ಹಾಕಿ, ದಿನಾ ನೋಡುವ ಇಮೇಲ್ ಕೊಡಿ. ಅದು ಎಚ್ಚರಿಸುತ್ತದೆಯೇ ಹೊರತು ಏನನ್ನೂ ನಿಲ್ಲಿಸುವುದಿಲ್ಲ. ಎಚ್ಚರಿಕೆಯೂ ಹಲವು ಗಂಟೆ ತಡವಾಗಿ ಬರಬಹುದು. ನ್ಯಾಟ್ ಇರುವ ಲ್ಯಾಬ್ ಆದರೆ ಆ ನ್ಯಾಟ್ ಅನ್ನು ಕೊನೆಗೆ ಕಟ್ಟಿ, ಮೊದಲು ಕೆಡವಿ.