ಚಳಿಗಾಲದಲ್ಲಿ ಜೈಸಲ್ಮೇರಿನ ಮರುಭೂಮಿ ರಾಷ್ಟ್ರೀಯ ಉದ್ಯಾನ: ಎರೆಬೂತ ನೋಡಲು ತಂದೆಯವರನ್ನು ಕರೆದೊಯ್ಯಬಹುದೇ?

ಪ್ರಶ್ನೆ – ಮೇಷ್ಟ್ರ ಮಗಳು, ಹಾವೇರಿ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಈಗ ಎಪ್ಪತ್ತೊಂದು ವರ್ಷ. ರಾಣೆಬೆನ್ನೂರಿನ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸೈಕಲ್ಲಿನ ಮೇಲೆ ಶಾಲೆಗೆ ಹೋಗುವಾಗ, ಹುಲ್ಲಿನ ನಡುವೆ ಎರೆಬೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಕತ್ತು ನಿಗುರಿಸಿ ನಿಂತಿದ್ದನ್ನು ಕಂಡೆ ಎಂದು ಅವರು ನಮಗೆ ಎಷ್ಟೋ ಸಲ ಹೇಳಿದ್ದಾರೆ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗಗಳು ಈಗಲೂ ಇವೆ, ಆದರೆ ಆ ಹಕ್ಕಿ ಅಲ್ಲಿಂದ ಮರೆಯಾಗಿ ಬಹಳ ಕಾಲವಾಯಿತು. ಅದನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ ಅವರಿಗಿದೆ, ಬಾಯಿಬಿಟ್ಟು ಕೇಳುವುದಿಲ್ಲ.

ಈ ಸಲದ ಚಳಿಗಾಲದಲ್ಲಿ ಅವರನ್ನು ಜೈಸಲ್ಮೇರಿನ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಡಿಸೆಂಬರ್ ಕೊನೆಯ ವಾರದಲ್ಲಿ ನನಗೆ ರಜೆಯಿದೆ, ಜನವರಿ ಕೊನೆಗೂ ಹೊಂದಿಸಿಕೊಳ್ಳಬಹುದು. ಅಲ್ಲಿನ ಚಳಿಯನ್ನು ಈ ವಯಸ್ಸಿನವರು ತಡೆದುಕೊಳ್ಳಬಲ್ಲರೇ, ಎಷ್ಟು ದಿನ ಇಟ್ಟುಕೊಳ್ಳಬೇಕು, ಹಕ್ಕಿ ಕಾಣದೇ ಹೋದರೆ ಅಷ್ಟು ದೂರ ಹೋಗಿದ್ದಕ್ಕೆ ನೋಡಲು ಮತ್ತೇನಿದೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ. ಇನ್ನೊಂದು ಸಂಕೋಚವೂ ನನ್ನನ್ನು ಕಾಡುತ್ತಿದೆ. ಇಷ್ಟು ಕಡಿಮೆ ಸಂಖ್ಯೆಯಲ್ಲಿ ಉಳಿದಿರುವ ಹಕ್ಕಿಯನ್ನು ನೋಡಲು ನಮ್ಮಂಥವರು ಹೋಗುವುದೇ ಅದಕ್ಕೆ ತೊಂದರೆಯಾಗುವುದಿಲ್ಲವೇ?

ಉತ್ತರ – ಜೋಧಪುರದ ಕನ್ನಡಿಗ

ಮೇಡಂ, ಕೆಲಸದ ನಿಮಿತ್ತ ಒಂಬತ್ತು ವರ್ಷಗಳಿಂದ ಜೋಧಪುರದಲ್ಲಿದ್ದೇನೆ, ಜೈಸಲ್ಮೇರಿಗೆ ಪ್ರತಿ ವರ್ಷ ಹೋಗುತ್ತೇನೆ. ಚಳಿಯ ಮಾತನ್ನೇ ಮೊದಲು ಹೇಳುತ್ತೇನೆ. ಡಿಸೆಂಬರ್, ಜನವರಿಗಳಲ್ಲಿ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 23–24 ಡಿಗ್ರಿ ಇರುತ್ತದೆ. ನಮ್ಮ ಧಾರವಾಡದ ಹಿತವಾದ ಹಗಲಿನಂತೆಯೇ ಅನಿಸುತ್ತದೆ. ರಾತ್ರಿ ಅದು ಏಳೆಂಟು ಡಿಗ್ರಿಗೆ ಇಳಿಯುತ್ತದೆ, ಕೆಲವು ರಾತ್ರಿಗಳಲ್ಲಿ ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ, ಆದ್ದರಿಂದ ಹಗಲಿಡೀ ಕಾದ ಮರಳು ಸೂರ್ಯ ಮುಳುಗಿದ ಗಂಟೆಯೊಳಗೆ ತಣ್ಣಗಾಗಿಬಿಡುತ್ತದೆ. ನಮ್ಮ ಕಡೆಯವರು ಮಧ್ಯಾಹ್ನದ ಬಿಸಿಲು ನೋಡಿ ಸ್ವೆಟರನ್ನು ಕೋಣೆಯಲ್ಲೇ ಬಿಟ್ಟು ಹೋಗಿ ಸಂಜೆ ನಡುಗುವುದನ್ನು ಬಹಳ ಸಲ ಕಂಡಿದ್ದೇನೆ. ತಂದೆಯವರಿಗೆ ಕಿವಿ ಮುಚ್ಚುವ ಟೋಪಿ, ಉಣ್ಣೆಯ ಕಾಲುಚೀಲ, ಒಳಗೊಂದು ಹೊರಗೊಂದು ಸ್ವೆಟರ್ ಅಗತ್ಯ. ತೆರೆದ ಜೀಪಿನಲ್ಲಿ ಬೆಳಗಿನ ಗಾಳಿ ಎದೆಗೇ ಬಡಿಯುವುದರಿಂದ ಒಂದು ದಪ್ಪ ಕಂಬಳಿಯೂ ಇರಲಿ.

ನಮ್ಮ ಲೆಕ್ಕಾಚಾರ ತಪ್ಪುವ ಇನ್ನೊಂದು ವಿಷಯ ಸೂರ್ಯೋದಯದ್ದು. ಜೈಸಲ್ಮೇರ್ ದೇಶದ ಪಶ್ಚಿಮದ ಅಂಚಿನಲ್ಲಿದೆ. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದು ಸುಮಾರು ಏಳೂವರೆಗೆ, ಮುಳುಗುವುದು ಆರರ ಸುಮಾರಿಗೆ. ಐದು ಗಂಟೆಗೆ ಎಬ್ಬಿಸಿ ಅವರನ್ನು ಕತ್ತಲಲ್ಲಿ ಕೂರಿಸುವ ಅಗತ್ಯವಿಲ್ಲ. ಆರೂಕಾಲಿಗೆ ಊರು ಬಿಟ್ಟರೂ ಬೆಳಕು ಹರಿಯುವ ಹೊತ್ತಿಗೆ ಹುಲ್ಲುಗಾವಲಿನಲ್ಲಿರುತ್ತೀರಿ.

ತಿಂಗಳಿನ ಬಗ್ಗೆ ಕೇಳಿದರೆ ಡಿಸೆಂಬರ್ ಕೊನೆಯ ವಾರ ಬೇಡ ಎನ್ನುತ್ತೇನೆ. ಹೊಸ ವರ್ಷದ ಜನಜಂಗುಳಿಯಲ್ಲಿ ಕೋಣೆಯ ಬಾಡಿಗೆ ಮೂರು ಪಟ್ಟಾಗಿರುತ್ತದೆ. ಜನವರಿ ಎರಡನೆಯ ವಾರದ ನಂತರ ಊರು ಶಾಂತವಾಗುತ್ತದೆ. ಮಾಘ ಹುಣ್ಣಿಮೆಯ ಹೊತ್ತಿಗೆ ನಡೆಯುವ ಮರು ಮಹೋತ್ಸವದ ದಿನಗಳನ್ನು ಮಾತ್ರ ನೋಡಿಕೊಂಡು ತಪ್ಪಿಸಿ.

ಹಾವೇರಿಯವರಿಗೆ ಪ್ರಯಾಣ ಸುಲಭ. ಬೆಂಗಳೂರಿನಿಂದ ಹುಬ್ಬಳ್ಳಿಯ ಮೇಲೆ ಜೋಧಪುರಕ್ಕೆ ನೇರ ರೈಲು ಇದೆ. ಆದರೆ ದಿನವೂ ಇಲ್ಲದ ರೈಲಾದ್ದರಿಂದ ಟಿಕೆಟ್ ಸಿಗುವ ದಿನವನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಉಳಿದದ್ದನ್ನು ಹೊಂದಿಸಿಕೊಳ್ಳಿ. ಜೋಧಪುರದಲ್ಲಿ ಒಂದು ರಾತ್ರಿ ವಿಶ್ರಾಂತಿ ಪಡೆದು ಮರುದಿನ ಹೊರಡುವುದು ಹಿರಿಯರಿಗೆ ಒಳ್ಳೆಯದು. ಅಲ್ಲಿಂದ ಜೈಸಲ್ಮೇರ್ ಸುಮಾರು 280 ಕಿಲೋಮೀಟರ್. ಊಟದ ಚಿಂತೆ ಮಾಡಬೇಡಿ. ಚಳಿಗಾಲದಲ್ಲಿ ಅಲ್ಲಿ ಮನೆಮನೆಯಲ್ಲೂ ಸಜ್ಜೆ ರೊಟ್ಟಿಯೇ. ನಮ್ಮಲ್ಲಿ ಸಂಕ್ರಾಂತಿಗೆ ಎಳ್ಳು ಹಚ್ಚಿ ಬಡಿಯುವಷ್ಟು ತೆಳ್ಳಗಿರುವುದಿಲ್ಲ, ದಪ್ಪಗಿರುತ್ತದೆ. ಅದರ ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲ.

ಉತ್ತರ – ಹುಲ್ಲುಗಾವಲು, ಧಾರವಾಡ

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಹೊರಡುವ ಮುನ್ನ ಅದನ್ನು ಕೇಳಿಕೊಳ್ಳುವವರು ಬಹಳ ಕಡಿಮೆ. ಎರೆಬೂತ ಮುಖ್ಯವಾಗಿ ಬೇಸಿಗೆ ಮತ್ತು ಮಳೆಗಾಲದಲ್ಲಿ ಸಂತಾನ ಬೆಳೆಸುವ ಹಕ್ಕಿ. ಗೂಡು ಕಟ್ಟುವುದಿಲ್ಲ. ಬಯಲಿನ ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಆ ತಿಂಗಳುಗಳಲ್ಲಿ ಮನುಷ್ಯರ ಓಡಾಟದಿಂದ ತಾಯಿ ಬೆದರಿ ಎದ್ದರೆ ಮೊಟ್ಟೆ ಕಾಗೆಗೋ ನಾಯಿಗೋ ಸಿಗುತ್ತದೆ. ಚಳಿಗಾಲದಲ್ಲಿ ಈ ಅಪಾಯ ತೀರ ಕಡಿಮೆ. ಹಾಗಾಗಿ ಹೋಗುವುದಾದರೆ ಇದೇ ಸರಿಯಾದ ಕಾಲ. ಅರಣ್ಯ ಇಲಾಖೆ ಗುರುತಿಸಿದ ದಾರಿ ಬಿಟ್ಟು ಕದಲದಿದ್ದರೆ, ಹಕ್ಕಿ ಕತ್ತೆತ್ತಿ ನಿಮ್ಮನ್ನೇ ದಿಟ್ಟಿಸತೊಡಗಿದಾಗ ವಾಹನವನ್ನು ಅಲ್ಲಿಯೇ ನಿಲ್ಲಿಸಿದರೆ, ನಿಮ್ಮಿಂದ ಅದಕ್ಕೆ ತೊಂದರೆಯಾಗದು. ಒಮ್ಮೆ ನಾನು ಹೋಗಿದ್ದ ವಾಹನದ ಚಾಲಕ, ಹಿಂದೆ ಕೂತಿದ್ದವರ ಕ್ಯಾಮೆರಾದ ಒತ್ತಾಯಕ್ಕೆ ಮಣಿದು, ದಾರಿ ಬಿಟ್ಟು ಹುಲ್ಲಿನೊಳಗೆ ಗಾಡಿ ನುಗ್ಗಿಸಿದ. ಹದಿನೈದು ಕಿಲೋ ತನಕ ತೂಗಬಲ್ಲ ಆ ಭಾರದ ಹಕ್ಕಿ ಎದ್ದು ಹಾರಲು ಪಟ್ಟ ಪಾಡನ್ನು ನೋಡಿದ ಮೇಲೆ, ಹತ್ತಿರದ ಚಿತ್ರ ಬೇಕೆನ್ನುವವರ ಜೊತೆ ನಾನು ಹೋಗುವುದನ್ನೇ ಬಿಟ್ಟಿದ್ದೇನೆ. ಹೊರಡುವ ಮೊದಲೇ ಚಾಲಕನಿಗೆ, ನಮಗೆ ಚಿತ್ರ ಬೇಡ, ದೂರದಿಂದ ನೋಡಿದರೆ ಸಾಕು ಎಂದು ಸ್ಪಷ್ಟವಾಗಿ ಹೇಳಿ.

ಇನ್ನು ಉದ್ಯಾನದ ಬಗ್ಗೆ. ಮರುಭೂಮಿ ಎಂದ ಕೂಡಲೇ ನಮಗೆ ಮರಳಿನ ದಿಬ್ಬಗಳ ಚಿತ್ರವೇ ಕಣ್ಣಿಗೆ ಬರುತ್ತದೆ. ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ ಹರಡಿರುವ, 1980ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಈ 3,162 ಚದರ ಕಿಲೋಮೀಟರ್ ಪ್ರದೇಶದಲ್ಲಿ ದಿಬ್ಬಗಳಿರುವುದು ಸುಮಾರು ಐದನೆಯ ಒಂದು ಭಾಗದಲ್ಲಿ ಮಾತ್ರ. ಉಳಿದದ್ದು ಕಲ್ಲುನೆಲ, ಗಟ್ಟಿಮರಳಿನ ಬಯಲು, ಸೇವಣ್ ಎಂಬ ಹುಲ್ಲಿನ ಗುತ್ತಿಗಳು, ಎಕ್ಕ, ಕುರುಚಲು. ನಡುನಡುವೆ ಹಳ್ಳಿಗಳೂ ಇವೆ, ಅವುಗಳ ದನ, ಕುರಿ, ಒಂಟೆಗಳೂ ಅಲ್ಲೇ ಮೇಯುತ್ತವೆ. ಎರೆಬೂತಕ್ಕೆ ಬೇಕಾದುದು ದಿಬ್ಬವಲ್ಲ, ಈ ಹುಲ್ಲು. ನಿಮ್ಮ ತಂದೆಯವರು ಸೈಕಲ್ಲಿನ ಮೇಲಿಂದ ಕಂಡದ್ದೂ ಇಂಥದೇ ಬಯಲು. ರಾಣೆಬೆನ್ನೂರಿನಲ್ಲಿ ಅಂಥ ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಟ್ಟರು. ಮರಗಳ ನಡುವೆ ಈ ಹಕ್ಕಿ ಬದುಕಲಾರದು.

ನೀವು ಕೇಳಬೇಕಾದ ಜಾಗದ ಹೆಸರು ಸುದಾಸರಿ. ಸಮ್ ಗ್ರಾಮದ ಆಚೆಗಿರುವ, ಬೇಲಿ ಹಾಕಿ ಕಾಯ್ದ ಹುಲ್ಲುಗಾವಲು. ಚಳಿಗಾಲದಲ್ಲಿ ಅಲ್ಲಿ ಎರೆಬೂತದ ಹೊರತಾಗಿಯೂ ಕಣ್ಣಿಗೆ ಬಿಡುವಿರುವುದಿಲ್ಲ. ಉತ್ತರದ ಚಳಿಯಿಂದ ತಪ್ಪಿಸಿಕೊಂಡು ಬಂದ ಸ್ಟೆಪ್ಪಿ ಗಿಡುಗಗಳು ನೆಲದ ಮೇಲೆ ಕುಳಿತು ಬಿಸಿಲು ಕಾಯಿಸಿಕೊಳ್ಳುತ್ತಿರುತ್ತವೆ. ಸತ್ತ ದನದ ಸುತ್ತ ಮೂರು ನಾಲ್ಕು ಜಾತಿಯ ರಣಹದ್ದುಗಳು ಒಟ್ಟಿಗೆ ಸೇರಿರುತ್ತವೆ. ರಣಹದ್ದು ನೋಡಲು ರಾಮನಗರದ ಬಂಡೆಗಳ ಕೆಳಗೆ ದಿನವಿಡೀ ಕಾಯಬೇಕಾದ ನಮಗೆ ಅದು ನಂಬಲಾಗದ ನೋಟ. ಚಿಂಕಾರಗಳು ಹಿಂಡು ಹಿಂಡಾಗಿ ಕಾಣುತ್ತವೆ, ಬಾಲದ ತುದಿ ಬೆಳ್ಳಗಿರುವ ಮರುಭೂಮಿ ನರಿ ಬೆಳಗಿನ ಬಿಸಿಲಿಗೆ ಬಿಲದ ಬಾಯಲ್ಲಿ ಮೈಚಾಚಿರುತ್ತದೆ. ಮುಳ್ಳುಬಾಲದ ಉಡದಂಥ ಸಾಂಡಾ ಮಾತ್ರ ಕಾಣದು. ಚಳಿ ಬಂದೊಡನೆ ಅದು ಬಿಲದ ಬಾಯನ್ನು ಮಣ್ಣಿನಿಂದ ಮುಚ್ಚಿಕೊಂಡು ಒಳಗೆ ಮಲಗಿಬಿಡುತ್ತದೆ.

ಎರೆಬೂತ ಕಂಡೇ ಕಾಣುತ್ತದೆಂದು ಯಾರೂ ಮಾತು ಕೊಡಲಾರರು. ದೇಶದಲ್ಲಿ ಕಾಡಿನಲ್ಲಿ ಉಳಿದಿರುವುದು ನೂರೈವತ್ತಕ್ಕೂ ಕಡಿಮೆ, ಅವುಗಳಲ್ಲಿ ಬಹುಪಾಲು ಜೈಸಲ್ಮೇರ್ ಜಿಲ್ಲೆಯಲ್ಲೇ ಇವೆ. ಎರಡು ಬೆಳಗು, ಒಂದು ಸಂಜೆ ತಾಳ್ಮೆಯಿಂದ ಕಾದವರಿಗೆ ಸಾಮಾನ್ಯವಾಗಿ ದೂರದಲ್ಲಾದರೂ ಕಂಡಿದೆ. ಒಳ್ಳೆಯ ದುರ್ಬೀನು ಇರಲಿ, ಇಲ್ಲದಿದ್ದರೆ ಯಾರಿಂದಲಾದರೂ ಎರವಲು ತನ್ನಿ.

ಉತ್ತರ – ಬೆಂಗಳೂರಿನಿಂದ, ಎರಡು ಸಲ ಹೋಗಿಬಂದವರು

ಮೇಲಿನ ಇಬ್ಬರೂ ಹೇಳದ ಒಂದು ಮಾತನ್ನು ಸೇರಿಸುತ್ತೇನೆ. ಜೈಸಲ್ಮೇರಿಗೆ ಹೋದವರೆಲ್ಲ ಸಮ್ ದಿಬ್ಬಗಳ ಡೇರೆಗಳಲ್ಲಿ ರಾತ್ರಿ ತಂಗುತ್ತಾರೆ. ಅಮ್ಮನನ್ನು ಕರೆದುಕೊಂಡು ಹೋಗಿದ್ದಾಗ ನಾವೂ ಹಾಗೆಯೇ ಮಾಡಿದೆವು. ನಡುರಾತ್ರಿಯವರೆಗೆ ಧ್ವನಿವರ್ಧಕ, ಆಮೇಲೆ ಡೇರೆಯ ಬಟ್ಟೆ ತೂರಿ ಬರುವ ಚಳಿ. ಎರಡನೆಯ ಸಲ ನೈರುತ್ಯದ ಖುಹ್ಡಿ ಗ್ರಾಮದಲ್ಲಿ ಮಣ್ಣಿನ ಗೋಡೆಯ ಮನೆಯಲ್ಲಿ ಉಳಿದುಕೊಂಡೆವು, ಗೋಡೆ ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ರಾತ್ರಿಯೆಲ್ಲ ಬೆಚ್ಚಗಿತ್ತು. ಸುದಾಸರಿಗೆ ಅಲ್ಲಿಂದ ತುಸು ಬಳಸಿ ಹೋಗಬೇಕು, ಆದರೂ ತಂದೆಯವರಿಗೆ ಅದೇ ವಾಸಿ.

ಹಕ್ಕಿಯೊಂದನ್ನೇ ನೆಚ್ಚಿಕೊಂಡು ಪ್ರವಾಸ ಹೂಡಬೇಕೆಂದು ನನಗೆ ಅನಿಸುವುದಿಲ್ಲ. ಊರಿನಿಂದ 17 ಕಿಲೋಮೀಟರ್ ದೂರದಲ್ಲಿ, ಬಾಡಮೇರ್ ರಸ್ತೆಯಲ್ಲಿರುವ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷ ಹಳೆಯ ಮರದ ಕಾಂಡಗಳು ಕಲ್ಲಾಗಿ ಮಲಗಿವೆ. ಈ ಒಣನೆಲದಲ್ಲಿ ಒಂದು ಕಾಲಕ್ಕೆ ದಟ್ಟ ಕಾಡಿತ್ತೆಂಬುದಕ್ಕೆ ಅವೇ ಸಾಕ್ಷಿ. ಮೇಷ್ಟ್ರಾಗಿದ್ದವರು ಅದನ್ನು ಮುಟ್ಟಿ ನೋಡದೆ ಬರಬಾರದು. ಜೋಧಪುರದ ದಾರಿಯಲ್ಲಿ ಫಲೋದಿಯ ಪಕ್ಕದ ಖೀಚನ್ ಗ್ರಾಮವೂ ಇದೆ. ಮಧ್ಯ ಏಷ್ಯಾ ಮತ್ತು ಮಂಗೋಲಿಯಾ ಕಡೆಯಿಂದ ಬರುವ ಡೆಮೊಸೆಲ್ ಕ್ರೇನ್‌ಗಳಿಗೆ, ಅಂದರೆ ಅಲ್ಲಿನವರು ಕುರ್ಜಾ ಎನ್ನುವ ಹಕ್ಕಿಗಳಿಗೆ, ಊರವರು ತಲೆಮಾರುಗಳಿಂದ ಪ್ರತಿದಿನ ಬೆಳಿಗ್ಗೆ ಕಾಳು ಹಾಕುತ್ತ ಬಂದಿದ್ದಾರೆ. ಸಾವಿರಾರು ಹಕ್ಕಿಗಳು ಒಮ್ಮೆಲೇ ಇಳಿಯುವುದನ್ನು ಊರಿನ ಮನೆಯ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ನೋಡಬಹುದು, ಹಿರಿಯರು ಒಂದು ಹೆಜ್ಜೆಯೂ ಹೆಚ್ಚು ನಡೆಯಬೇಕಾಗಿಲ್ಲ. ಮಾರ್ಚ್ ಹೊತ್ತಿಗೆ ಅವು ಹೊರಟುಹೋಗುತ್ತವೆ.

ಅಮ್ಮನಿಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಮರ. ಖೇಜಡಿ, ಖೇಜಡಿ ಎಂದು ಮಾರ್ಗದರ್ಶಿ ತೋರಿಸುತ್ತಲೇ ಇದ್ದರು, ಎಲೆಯನ್ನು ಹತ್ತಿರದಿಂದ ನೋಡಿದವರೇ ಅಮ್ಮ, ‘ಇದು ನಮ್ಮ ಬನ್ನಿ ಅಲ್ಲವೇ’ ಎಂದರು. ಹೌದು, ದಸರೆಯಲ್ಲಿ ನಾವು ಬಂಗಾರವೆಂದು ಹಂಚಿಕೊಳ್ಳುವ ಬನ್ನಿಯೇ ಅದು. ಅದರ ಎಳೆಗಾಯಿ ಒಣಗಿಸಿ ಮಾಡುವ ಸಾಂಗರಿ ಪಲ್ಯವನ್ನು ಅಲ್ಲಿ ತಪ್ಪದೆ ತಿನ್ನಿ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಅಮೃತಾದೇವಿ ಮತ್ತು 362 ಮಂದಿ ಬಿಷ್ಣೋಯಿ ಸಮುದಾಯದವರು, ಕಡಿಯಲು ಬಿಡದೆ ತಬ್ಬಿಕೊಂಡು ಪ್ರಾಣ ಕೊಟ್ಟದ್ದು ಇದೇ ಮರಕ್ಕಾಗಿ.

ಪ್ರಶ್ನೆ ಕೇಳಿದವರಿಂದ – ಮೇಷ್ಟ್ರ ಮಗಳು, ಹಾವೇರಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಬನ್ನಿಯ ವಿಷಯ ಬಂದಾಗ ಇನ್ನೊಮ್ಮೆ ಓದಲು ಹೇಳಿದರು. ಜನವರಿ ಮೂರನೆಯ ವಾರ ಎಂದು ನಿಶ್ಚಯಿಸಿದ್ದೇವೆ. ಅವರು ಕೇಳಿದ್ದು ಎರಡೇ ಪ್ರಶ್ನೆ. ಬೇಲಿ ಹಾಕಿ ಕಾಯುತ್ತಿದ್ದರೂ ಅಲ್ಲಿ ಹಕ್ಕಿ ಏಕೆ ಹೆಚ್ಚುತ್ತಿಲ್ಲ? ಮರಿ ಮಾಡಿಸುವ ಕೇಂದ್ರವೊಂದಿದೆಯಂತಲ್ಲ, ಅದನ್ನು ನೋಡಬಹುದೇ?

ಉತ್ತರ – ಹುಲ್ಲುಗಾವಲು, ಧಾರವಾಡ

ಹಕ್ಕಿ ಬೇಲಿಯೊಳಗೇ ಇರುವುದಿಲ್ಲ ಎಂಬುದೇ ಮೊದಲ ಪ್ರಶ್ನೆಗೆ ಉತ್ತರ. ಅದು ಮೇವಿಗಾಗಿ ಹೊಲ, ಗೋಮಾಳಗಳ ಮೇಲೆ ಹತ್ತಾರು ಕಿಲೋಮೀಟರ್ ಹಾರುತ್ತದೆ, ಆ ಬಯಲಿನ ತುಂಬ ಈಗ ಗಾಳಿಯಂತ್ರ, ಸೌರ ಫಲಕಗಳ ವಿದ್ಯುತ್ ತಂತಿಗಳಿವೆ. ಎರೆಬೂತದ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ನೇರ ಎದುರಿನದು ಅದಕ್ಕೆ ಸರಿಯಾಗಿ ಕಾಣದು, ಕಂಡಾಗಲೂ ಅಷ್ಟು ಭಾರದ ದೇಹವನ್ನು ಥಟ್ಟನೆ ಹೊರಳಿಸಲಾಗದು. ಈ ತಂತಿಗಳನ್ನು ನೆಲದೊಳಗೆ ಹೂಳಬೇಕೆಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಉಳಿದಿರುವ ಬೆರಳೆಣಿಕೆಯ ಹಕ್ಕಿಗಳನ್ನು ನೋಡಿದವನಾಗಿ, ಆ ಸಡಿಲಿಕೆಯಿಂದ ನನಗೆ ಬಹಳ ನೋವಾಯಿತು.

ಸಮ್‌ನಲ್ಲಿ 2019ರಲ್ಲಿ ಆರಂಭವಾದ ಸಂತಾನೋತ್ಪತ್ತಿ ಕೇಂದ್ರದೊಳಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಮನುಷ್ಯರ ಗದ್ದಲ ಮರಿಗಳಿಗೆ ಒಗ್ಗದಾದ್ದರಿಂದ ಅದು ಸರಿಯೂ ಹೌದು. ಕಾಡಿನಿಂದ ತಂದ ಮೊಟ್ಟೆಗಳಿಂದ ಬೆಳೆಸಿದ ಹಕ್ಕಿಗಳೇ ಈಗ ಅಲ್ಲಿ ಮರಿ ಮಾಡುತ್ತಿವೆ, 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು ಎಂದು ಮೇಷ್ಟ್ರಿಗೆ ತಿಳಿಸಿ.

ಸುದಾಸರಿಯ ಅನುಮತಿಯನ್ನು ಜೈಸಲ್ಮೇರ್ ಊರಿನಲ್ಲಿರುವ ಉದ್ಯಾನದ ಕಚೇರಿಯಲ್ಲಿ ಪಡೆಯಬೇಕು. ತಲುಪಿದ ದಿನವೇ ಹೋಗಿ ಕೇಳಿ, ಗಡಿ ಜಿಲ್ಲೆಯಾದ್ದರಿಂದ ಇಬ್ಬರ ಗುರುತಿನ ಚೀಟಿಯ ಮೂಲಪ್ರತಿ, ನಕಲು ಎರಡೂ ಜೊತೆಯಲ್ಲಿರಲಿ. ದುರ್ಬೀನು ನಿಮಗೆ ಎಲ್ಲೂ ಸಿಗದಿದ್ದರೆ ಇಲ್ಲಿಯೇ ತಿಳಿಸಿ. ನನ್ನದನ್ನು ನೀವು ರೈಲು ಹತ್ತುವ ದಿನ ಹುಬ್ಬಳ್ಳಿ ನಿಲ್ದಾಣಕ್ಕೆ ತಂದುಕೊಡುತ್ತೇನೆ.