ಡಿಸೆಂಬರ್ ಹತ್ತರ ಪ್ರತಿಜ್ಞೆ ಸಾಕೇ?

ಸಿದ್ದಾಪುರದ ಶಿಕ್ಷಕಿ: ಮಾನವ ಹಕ್ಕುಗಳ ಶಿಕ್ಷಣಕ್ಕೆಂದು ವಿಶ್ವಸಂಸ್ಥೆ 2005ರಲ್ಲಿ ಜಾಗತಿಕ ಕಾರ್ಯಕ್ರಮ ಆರಂಭಿಸಿದಾಗ ಮೊದಲ ಹಂತಕ್ಕೆ ಆರಿಸಿಕೊಂಡದ್ದೇ ಪ್ರಾಥಮಿಕ, ಪ್ರೌಢ ಶಾಲೆಗಳನ್ನು. ನಮ್ಮ ಶಾಲೆಯಲ್ಲಿ ಅದು ಡಿಸೆಂಬರ್ 10ರ ಮಾನವ ಹಕ್ಕುಗಳ ದಿನದ ಪ್ರತಿಜ್ಞೆಗೆ ಮುಗಿಯುತ್ತದೆ. ವಾರಕ್ಕೊಂದು ಪೀರಿಯಡ್ ಇರಬೇಡವೇ?

ಕಾಫಿ ತೋಟದವನು: ಮೇಡಂ, ಮಗ್ಗಿ ಬಾರದವರಿಗೆ ಹಕ್ಕಿನ ಪಾಠವೇ? ಮೊದಲು ಕರ್ತವ್ಯ ಕಲಿಸಿ. ನಾವು ಬೆತ್ತದ ಏಟು ತಿಂದೇ ಕಲಿತೆವು.

ಮಡಿಕೇರಿ ವಕೀಲ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಬೆತ್ತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಏಟು ತಿನ್ನುವ ಮಗುವಿಗೇ ಅದು ಗೊತ್ತಿರಬಾರದೇ?

ತೋಟದವನು: ಗೊತ್ತಾದರೆ ದೂರು ಬರೆಯಲು ಕಲಿಯುತ್ತಾರೆ, ಅಷ್ಟೇ. ಎಲ್ಲಾ ವಿದೇಶದಿಂದ ಬಂದ ಶೋಕಿ.

ಶಿಕ್ಷಕಿ: ವಿದೇಶದ್ದೇ? ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂದಿದ್ದುದು ‘ಎಲ್ಲ ಮಾನವರು’ ಎಂದಾದದ್ದು ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹತಾ ಪಟ್ಟು ಹಿಡಿದದ್ದರಿಂದ. ಇದನ್ನು ಹೇಳಿದ ದಿನ ಆರನೇ ತರಗತಿಯ ಹುಡುಗಿಯೊಬ್ಬಳು, ಹಾಜರಿ ಪುಸ್ತಕದಲ್ಲಿ ಹುಡುಗರ ಹೆಸರೇ ಏಕೆ ಮೊದಲು ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಿವೃತ್ತ ಮೇಷ್ಟ್ರು: ನಾನೂ ಹೊಡೆದವನೇ, ಹೆಮ್ಮೆಯ ಸಂಗತಿಯಲ್ಲ. ಆದರೆ ಪೀರಿಯಡ್ ಎಂದರೆ ನನಗೆ ಭಯ. ಪೀರಿಯಡ್ ಬಂದರೆ ಪುಸ್ತಕ, ಪುಸ್ತಕ ಬಂದರೆ ಪರೀಕ್ಷೆ. ‘ಘೋಷಣೆಯಲ್ಲಿ ಎಷ್ಟು ವಿಧಿಗಳಿವೆ?’ 30 ಎಂದು ಬರೆದರೆ ಒಂದು ಅಂಕ. ಒಮ್ಮೆ ಕಾಫಿ ಕೊಯ್ಲಿನ ಸಮಯದಲ್ಲಿ, ಅಸ್ಸಾಮಿನಿಂದ ಬಂದು ತೋಟದ ಕೂಲಿಕಾರರ ಲೈನ್ ಮನೆಯಲ್ಲಿದ್ದ ತಾಯಿಯೊಬ್ಬಳು ಮಗಳನ್ನು ಶಾಲೆಗೆ ಕರೆತಂದಳು. ಟಿ.ಸಿ. ಇಲ್ಲವೆಂದು ಇಬ್ಬರನ್ನೂ ಮೆಟ್ಟಿಲ ಮೇಲೆ ಕೂರಿಸಿದೆವು. ಹುಡುಗಿ ಮಾತ್ರ ಎದ್ದು ಬಂದು, ನಾಲ್ಕನೇ ತರಗತಿಯ ಕಿಟಕಿಯ ಸರಳು ಹಿಡಿದು ಮಧ್ಯಾಹ್ನದ ಊಟದ ಗಂಟೆಯವರೆಗೂ ನೋಡುತ್ತಿದ್ದಳು. ಒಳಗೆ ನಾನು ಸಮಾನತೆಯ ಪಾಠ ಮಾಡುತ್ತಿದ್ದೆ.

ವಕೀಲ: ಸರ್, ಅದೇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿ.ಸಿ. ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲದಿದ್ದರೂ ಸೇರಿಸಿಕೊಳ್ಳಲೇಬೇಕು.

ಮೇಷ್ಟ್ರು: ಆಗ ನನಗೇ ಗೊತ್ತಿರಲಿಲ್ಲ. ಅದಕ್ಕೇ ಹೇಳುವುದು, ಮೊದಲ ತರಗತಿ ಸ್ಟಾಫ್ ರೂಮಿನಲ್ಲಿ ನಡೆಯಲಿ.

ತೋಟದವನು: ನಮ್ಮ ಲೈನಿನಲ್ಲೂ ಅಂಥ ಮೂರು ಮಕ್ಕಳಿದ್ದಾರೆ. ಕೊಯ್ಲು ಮುಗಿದರೆ ಹೊರಟುಬಿಡುತ್ತಾರೆ. ಎರಡು ತಿಂಗಳಿಗೆ ಯಾವ ಶಾಲೆ?

ಶಿಕ್ಷಕಿ: ಎರಡು ತಿಂಗಳಾದರೂ ಕಳುಹಿಸಿ.

ತೋಟದವನು: ಕಳುಹಿಸೋಣ. ಪೀರಿಯಡ್‌ಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ವಕೀಲರೇ, ಆ ಸೆಕ್ಷನ್ ಎಷ್ಟನೆಯದು ಎಂದಿರಿ?